ನಲ್ಲಿ ನೀರಿಗೆ ಲೆಕ್ಕ ಕೇಳುವವರು ಯಾರು?

ಮನೆಗೆ ಬರುವ ಪ್ರತಿಯೊಂದು ಪದಾರ್ಥಕ್ಕೂ ನಾವು ಹೆಂಗಸರು ಲೆಕ್ಕ ಕೇಳುವವರೇ. ಹಾಲು ತೆಳ್ಳಗಾದರೆ ಹಾಲಿನವನನ್ನು ಗೇಟಿನಲ್ಲೇ ನಿಲ್ಲಿಸಿ ವಿಚಾರಿಸುತ್ತೇವೆ. ತೊಗರಿಬೇಳೆಯಲ್ಲಿ ಕಲ್ಲು ಸಿಕ್ಕರೆ ಪೊಟ್ಟಣವನ್ನು ಅಂಗಡಿಗೇ ಹಿಂದಕ್ಕೆ ಕಳಿಸುತ್ತೇವೆ. ಬದನೆಕಾಯಿಯನ್ನು ತಿರುಗಿಸಿ ಮರುಗಿಸಿ ನೋಡದೆ ಚೀಲಕ್ಕೆ ಹಾಕಿಸಿಕೊಂಡ ಹೆಂಗಸನ್ನು ನಾನಂತೂ ಕಂಡಿಲ್ಲ. ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ, ದಿನವಿಡೀ, ಹುಟ್ಟಿದ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅತ್ತೆಯವರೆಗೆ ಎಲ್ಲರ ಹೊಟ್ಟೆಗೂ ಇಳಿಯುವ ನೀರಿನ ವಿಷಯದಲ್ಲಿ ಮಾತ್ರ ನಮ್ಮ ವಿಚಾರಣೆ ಎರಡೇ ಪ್ರಶ್ನೆಗೆ ಮುಗಿದುಹೋಗುತ್ತದೆ: ಬಂತೇ? ಎಷ್ಟು ಹೊತ್ತು ಬಂತು?

ನೀರಿನಲ್ಲಿ ಏನಿದೆ ಎಂಬ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳದಂತೆ ನಮ್ಮನ್ನು ಬೆಳೆಸಲಾಗಿದೆ. ನಲ್ಲಿ ತಿರುಗಿಸಿದಾಗ ಒಮ್ಮೊಮ್ಮೆ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹೊಡೆಯುತ್ತದಲ್ಲ, ಆಗ ಮನೆಯಲ್ಲಿ ಕೇಳಿಬರುವ ಮಾತು ಎರಡು ಬಗೆಯದು. ಒಬ್ಬರು "ಅಯ್ಯೋ, ವಿಷ ಸುರಿದಿದ್ದಾರೆ, ಈ ನೀರು ಮುಟ್ಟಬೇಡಿ" ಎನ್ನುತ್ತಾರೆ. ಇನ್ನೊಬ್ಬರು "ಔಷಧಿ ಹಾಕಿದ್ದಾರೆ ಬಿಡಿ, ಇನ್ನೇನೂ ಭಯವಿಲ್ಲ" ಎನ್ನುತ್ತಾರೆ. ಈ ಎರಡು ಮಾತುಗಳ ಮೇಲೂ ನನಗೆ ಜಗಳವಿದೆ. ಮೊದಲನೆಯದು ಅಜ್ಞಾನ. ಎರಡನೆಯದು ಅರ್ಧ ಜ್ಞಾನ, ಅದರ ನೆರಳಿನಲ್ಲಿ ಸರ್ಕಾರಿ ಸೋಮಾರಿತನ ಹಾಯಾಗಿ ಮಲಗಿದೆ.

ಮೊದಲು ಕ್ಲೋರಿನ್ನಿನ ಪರವಾಗಿ ನಾಲ್ಕು ಮಾತು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ಎಂಬ ಊರಿನ ನೀರಿಗೆ ಜಾನ್ ಲೀಲ್ ಎಂಬ ವೈದ್ಯರು ಸುಣ್ಣದ ಕ್ಲೋರೈಡನ್ನು ದಿನವೂ ಬೆರೆಸುವ ವ್ಯವಸ್ಥೆ ಮಾಡಿದರು. ನಮ್ಮ ಬ್ಲೀಚಿಂಗ್ ಪೌಡರ್ ಎಂದರೆ ಅದೇ. ಕುಡಿಯುವ ನೀರಿಗೆ ರಾಸಾಯನಿಕ ಹಾಕುವುದೇ ಎಂದು ಜನ ಹೌಹಾರಿದರು, ವಿಷಯ ನ್ಯಾಯಾಲಯದಲ್ಲೂ ಚರ್ಚೆಯಾಯಿತು. ಕೊನೆಗೆ ಗೆದ್ದದ್ದು ವೈದ್ಯರೇ. ಅಲ್ಲಿಂದ ಮುಂದೆ ಊರಿಂದೂರಿಗೆ ಈ ಪದ್ಧತಿ ಹರಡಿತು, ಟೈಫಾಯಿಡ್, ಕಾಲರಾಗಳು ಹಿಮ್ಮೆಟ್ಟಿದವು. ಕಾಲರಾ ಬಂದು ಒಂದೇ ಮನೆಯಿಂದ ನಾಲ್ಕು ಹೆಣ ಹೊರಟ ಕಥೆಗಳನ್ನು ಅಜ್ಜಿಯರ ಬಾಯಲ್ಲಿ ಕೇಳಿದವರಿಗೆ ಇದರ ಬೆಲೆ ಗೊತ್ತು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 2022ರ ಬೇಸಿಗೆಯಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, ಕಲುಷಿತವಾದ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಆದ್ದರಿಂದ ಕ್ಲೋರಿನ್ ನಿಲ್ಲಿಸಿ ಎಂದು ಹೇಳುವವರ ಸಾಲಿನಲ್ಲಿ ನಾನಿಲ್ಲ. ನಲ್ಲಿಯ ತುದಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದು ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐ.ಎಸ್. 10500 ಹೇಳುತ್ತದೆ. ಹಾಗೆ ಹೇಳುವುದು ಸರಿಯಾಗಿಯೇ ಇದೆ.

ಆದರೆ ಕ್ಲೋರಿನ್ ನೀರಿನಲ್ಲಿ ಸುಮ್ಮನೆ ಕೂರುವ ಪದಾರ್ಥವಲ್ಲ. ಅದು ಕ್ರಿಮಿಯನ್ನು ಕೊಲ್ಲುತ್ತದೆ, ಜೊತೆಗೆ ಕೈಗೆ ಸಿಕ್ಕ ಇತರ ವಸ್ತುಗಳೊಡನೆಯೂ ಕೂಡಿಕೊಳ್ಳುತ್ತದೆ. ಹೊಳೆ ಮತ್ತು ಕೆರೆಯ ನೀರಿನಲ್ಲಿ ಕೊಳೆತ ಎಲೆ, ಹುಲ್ಲು, ಪಾಚಿಯ ಸಾರ ಕರಗಿರುತ್ತದೆ. ತಿಳಿಯಾಗಿ ಕಂಡ ನೀರಿನಲ್ಲೂ ಅದು ಇರಬಹುದು. ಈ ಸಾರದೊಡನೆ ಕ್ಲೋರಿನ್ ಸೇರಿದಾಗ ಕ್ಲೋರೋಫಾರ್ಮ್ ಮೊದಲಾದ ಹೊಸ ರಾಸಾಯನಿಕಗಳು ಹುಟ್ಟುತ್ತವೆ. ಹೌದು, ಹಿಂದಿನ ಕಾಲದಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಮೂಗಿಗೆ ಹಿಡಿಯುತ್ತಿದ್ದರಲ್ಲ, ಅದೇ ಕ್ಲೋರೋಫಾರ್ಮ್. ಇದನ್ನು 1974ರಲ್ಲಿ ಜಗತ್ತಿಗೆ ತೋರಿಸಿದವರು ಹಾಲೆಂಡಿನ ರಾಟರ್‌ಡ್ಯಾಮ್ ನಗರದ ನೀರು ಸರಬರಾಜಿನಲ್ಲಿದ್ದ ಯೋಹಾನೆಸ್ ರೂಕ್ ಎಂಬ ರಸಾಯನಶಾಸ್ತ್ರಜ್ಞರು. ಅದೇ ವರ್ಷ ಅಮೆರಿಕದ ವಿಜ್ಞಾನಿಗಳೂ ಇದನ್ನೇ ಕಂಡರು. ಕ್ಲೋರೋಫಾರ್ಮ್ ಮತ್ತು ಅದರ ಮೂವರು ಸೋದರರನ್ನು ಒಟ್ಟಿಗೆ ಟ್ರೈಹ್ಯಾಲೋಮೀಥೇನ್‌ಗಳು ಎನ್ನುತ್ತಾರೆ. ಹ್ಯಾಲೋಅಸೆಟಿಕ್ ಆಮ್ಲಗಳು ಎಂಬುದು ಇನ್ನೊಂದು ಕುಟುಂಬ. ಸೋಂಕು ಕಳೆಯಲು ಹೋದಾಗ ಹುಟ್ಟುವ ಇವುಗಳಿಗೆಲ್ಲ ಸೋಂಕುನಿವಾರಣೆಯ ಉಪ-ಉತ್ಪನ್ನಗಳು ಎಂದು ಹೆಸರು.

ಇವು ಹೇಗೆ ಹೆಚ್ಚುತ್ತವೆ ಎಂಬುದನ್ನು ನಮಗೆ ಹೇಳಿಕೊಡಬೇಕಾಗಿಲ್ಲ. ದೋಸೆ ಹಿಟ್ಟನ್ನು ಹೊರಗಿಟ್ಟರೆ ಏನಾಗುತ್ತದೆ? ಚಳಿಗಾಲದಲ್ಲಿ ನಿಧಾನ, ಬೇಸಿಗೆಯಲ್ಲಿ ಬೇಗ, ಹೊತ್ತು ಕಳೆದಷ್ಟೂ ಹುಳಿ. ಇದೂ ಹಾಗೆಯೇ. ನೀರು ಬೆಚ್ಚಗಿದ್ದಷ್ಟೂ, ಕೊಳವೆಯಲ್ಲಿ, ತೊಟ್ಟಿಯಲ್ಲಿ, ಸಂಪಿನಲ್ಲಿ ನಿಂತಷ್ಟೂ ಟ್ರೈಹ್ಯಾಲೋಮೀಥೇನ್ ಹೆಚ್ಚುತ್ತದೆ. ಶುದ್ಧೀಕರಣ ಘಟಕದ ಬಾಗಿಲಲ್ಲಿ ಕಡಿಮೆ ಇದ್ದದ್ದು, ಊರಿನ ಕೊನೆಯ ಬಡಾವಣೆಯ ಕೊನೆಯ ಮನೆಗೆ ಬರುವಾಗ ಬೆಳೆದಿರುತ್ತದೆ. ಮೊದಲ ಮಳೆಗೆ ಕಾಡುಮೇಡಿನ ತರಗೆಲೆಯೆಲ್ಲ ಹೊಳೆಗೆ ಕೊಚ್ಚಿ ಬಂದಾಗ ಇನ್ನೂ ಹೆಚ್ಚಬಹುದು. ಪಾಚಿ ಕಟ್ಟಿದ ತೊಟ್ಟಿಯನ್ನು ತೊಳೆಯದೆ ಮೇಲಿಂದ ಬೊಗಸೆ ಬೊಗಸೆ ಬ್ಲೀಚಿಂಗ್ ಪೌಡರ್ ಎಸೆದು ಕೈ ಝಾಡಿಸಿಕೊಳ್ಳುವ ಪದ್ಧತಿಯಂತೂ ಇವನ್ನು ಕರೆದು ಮಣೆ ಹಾಕಿದಂತೆ.

ಇವುಗಳಿಂದ ಆಗುವ ಕೆಡುಕೇನು? ಇಲ್ಲಿ ಉತ್ಪ್ರೇಕ್ಷೆ ಬೇಡ, ಏಕೆಂದರೆ ಉತ್ಪ್ರೇಕ್ಷೆಯಿಂದ ಲಾಭವಾಗುವುದು ಫಿಲ್ಟರ್ ಮಾರುವವರಿಗೆ ಮಾತ್ರ. ಇಂದು ಕುಡಿದರೆ ನಾಳೆ ಮಲಗಿಸುವ ವಿಷವಲ್ಲ ಇದು. ಹತ್ತಾರು ವರ್ಷ ಕುಡಿದರೆ ಏನು ಎಂಬುದು ಪ್ರಶ್ನೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹೆಚ್ಚಿನ ಪ್ರಮಾಣದ ಕ್ಲೋರೋಫಾರ್ಮ್ ಕ್ಯಾನ್ಸರ್ ತಂದದ್ದು 1976ರಲ್ಲೇ ಅಮೆರಿಕದಲ್ಲಿ ದಾಖಲಾಯಿತು. ಮನುಷ್ಯರಲ್ಲಿ ಹೆಚ್ಚು ಸಲ ಕಂಡುಬಂದಿರುವ ಸಂಬಂಧ ಮೂತ್ರಕೋಶದ ಕ್ಯಾನ್ಸರಿನದು. 2020ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಯೂರೋಪ್ ಒಕ್ಕೂಟದ ಮೂತ್ರಕೋಶದ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 5, ಅಂದರೆ ವರ್ಷಕ್ಕೆ ಸುಮಾರು 6,500, ನೀರಿನ ಟ್ರೈಹ್ಯಾಲೋಮೀಥೇನ್‌ಗೆ ಸೇರಿದವಿರಬಹುದು. ಅಲ್ಲಿನ ನೀರಿನ ಸರಾಸರಿ ಮಟ್ಟ ಕಾನೂನಿನ ಮಿತಿಗಿಂತ ಎಷ್ಟೋ ಕೆಳಗಿದ್ದೂ ಈ ಮಾತು! ಆ ರೋಗಕ್ಕೆ ತಂಬಾಕು ಇದಕ್ಕಿಂತ ದೊಡ್ಡ ಕಾರಣ ಎಂಬುದನ್ನೂ ಸೇರಿಸಿ ಹೇಳುವುದು ನ್ಯಾಯ.

ಬಸುರಿಯರ ವಿಷಯ ಇನ್ನೂ ನಾಜೂಕಿನದು. 1998ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ, ಟ್ರೈಹ್ಯಾಲೋಮೀಥೇನ್ ಹೆಚ್ಚಿರುವ ನಲ್ಲಿ ನೀರನ್ನು ದಿನಕ್ಕೆ ಐದು ಲೋಟ ಅಥವಾ ಅದಕ್ಕೂ ಮೇಲೆ ಕುಡಿದವರಲ್ಲಿ ಗರ್ಭಪಾತ ಹೆಚ್ಚು ಎಂದಿತು. ದೊಡ್ಡ ಗುಲ್ಲಾಯಿತು. ಮುಂದೆ ಇನ್ನಷ್ಟು ಎಚ್ಚರಿಕೆಯಿಂದ ನಡೆದ ಅಧ್ಯಯನ ಆ ಫಲಿತಾಂಶವನ್ನು ಎತ್ತಿಹಿಡಿಯಲಿಲ್ಲ. ಹಾಗಾಗಿ ಯಾವ ಗರ್ಭಿಣಿಯೂ ಹೆದರಿ ನೀರು ಬಿಡಬೇಕಾಗಿಲ್ಲ. ಆದರೆ ಈ ಕಥೆಯಲ್ಲಿ ನನಗೆ ಕಾಣುವ ಪಾಠ ಬೇರೆ. ಅಲ್ಲಿ ಆ ಪ್ರಶ್ನೆಯನ್ನು ಕೇಳಲು ಸಾಧ್ಯವಾದದ್ದು, ಯಾವ ಊರಿನ ನಲ್ಲಿಯಲ್ಲಿ ಯಾವ ತಿಂಗಳು ಎಷ್ಟಿತ್ತು ಎಂಬ ಅಂಕಿ ಕಡತದಲ್ಲಿ ಇದ್ದುದರಿಂದ. ನಮ್ಮ ಊರಿನ ನೀರಿನ ಅಂತಹ ಅಂಕಿ ಎಲ್ಲಿದೆ?

ಮಿತಿಗಳು ಇಲ್ಲವೆಂದಲ್ಲ. ಅಮೆರಿಕ 1979ರಲ್ಲೇ ಒಟ್ಟು ಟ್ರೈಹ್ಯಾಲೋಮೀಥೇನ್‌ಗೆ ಲೀಟರಿಗೆ 100 ಮೈಕ್ರೋಗ್ರಾಂ ಎಂಬ ಗೆರೆ ಎಳೆದು, 1998ರ ನಿಯಮದಲ್ಲಿ ಅದನ್ನು 80ಕ್ಕೆ ಇಳಿಸಿತು. ಐದು ಹ್ಯಾಲೋಅಸೆಟಿಕ್ ಆಮ್ಲಗಳಿಗೆ 60 ಎಂದು ಗೊತ್ತುಮಾಡಿತು. ಯೂರೋಪಿನಲ್ಲಿ ಒಟ್ಟು ಟ್ರೈಹ್ಯಾಲೋಮೀಥೇನ್‌ಗೆ ಮಿತಿ 100. ಭಾರತದ 2012ರ ಮಾನಕದಲ್ಲಿ ಒಟ್ಟು ಲೆಕ್ಕವಿಲ್ಲ, ಬಿಡಿ ಲೆಕ್ಕವಿದೆ: ಕ್ಲೋರೋಫಾರ್ಮ್‌ಗೆ 200, ಬ್ರೋಮೋಫಾರ್ಮ್‌ಗೆ 100, ಉಳಿದೆರಡಕ್ಕೆ 100 ಮತ್ತು 60 ಮೈಕ್ರೋಗ್ರಾಂ. ಈ ಅಂಕಿಗಳು ಎಷ್ಟು ಸಣ್ಣವೆಂದರೆ, ಊರಿನ ಹತ್ತು ಲಕ್ಷ ಲೀಟರಿನ ಎತ್ತರದ ತೊಟ್ಟಿಯಲ್ಲಿ ಒಂದು ಸಣ್ಣ ಬಟ್ಟಲು ಬೇಳೆಯಷ್ಟು, 80 ಗ್ರಾಂ ಬೆರೆತರೆ ಅಮೆರಿಕದ ಮಿತಿ ಮುಟ್ಟಿದಂತೆ. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಪರೀಕ್ಷೆ ಮಾಡಿದರೇ ಗೊತ್ತಾಗಬೇಕು.

ನಮ್ಮ ಜಗಳವಿರುವುದೇ ಈ ಪರೀಕ್ಷೆಯ ವಿಷಯದಲ್ಲಿ. ಎರಡು ಬೇಸಿಗೆಯ ಹಿಂದೆ ನಮ್ಮ ಮಹಿಳಾ ಸಮಾಜದ ನಾಲ್ವರು ಊರಿನ ನೀರು ಸರಬರಾಜು ಕಚೇರಿಗೆ ಹೋಗಿದ್ದೆವು. ಅಲ್ಲಿನ ಇಂಜಿನಿಯರರು ಮರ್ಯಾದೆಯಿಂದಲೇ ಕುರ್ಚಿ ಹಾಕಿಸಿದರು. "ದಿನಾ ಟೆಸ್ಟ್ ಮಾಡ್ತೀವಮ್ಮ" ಎಂದು ನೀರುಗಂಟಿಯನ್ನು ಕರೆಸಿ ತೋರಿಸಿದರು. ಆತ ಸಣ್ಣ ಗಾಜಿನ ಕೊಳವೆಗೆ ನೀರು ಹಿಡಿದು ಎರಡು ಹನಿ ಬಿಟ್ಟ. ನೀರು ಹಳದಿಯಾಯಿತು. "ನೋಡಿ, ಕ್ಲೋರಿನ್ ಇದೆ, ನೀರು ಶುದ್ಧ" ಎಂದರು. ಕ್ಲೋರಿನ್ ಇದೆ ಎಂಬುದು ನಮಗೆ ಸಂತೋಷದ ವಿಷಯವೇ, ಆದರೆ ಆ ಕ್ಲೋರಿನ್ ದಾರಿಯಲ್ಲಿ ಏನೇನು ಹುಟ್ಟಿಸಿದೆ, ಟ್ರೈಹ್ಯಾಲೋಮೀಥೇನ್ ನೋಡಿಸಿದ್ದೀರಾ ಎಂದು ಕೇಳಿದೆ. ಅವರು ನಕ್ಕರು. "ಅದೆಲ್ಲಾ ದೊಡ್ಡ ಊರುಗಳ ಮಾತು ತಾಯಿ. ನಿಮಗೆ ನೀರು ಬರ್ತಿದೆ ತಾನೆ?"

ನೀರು ಬರ್ತಿದೆ ತಾನೆ! ಈ ಒಂದು ವಾಕ್ಯದಲ್ಲಿ ನಮ್ಮ ಸಣ್ಣ ಊರುಗಳ ಇಡೀ ಆಡಳಿತಶಾಸ್ತ್ರ ಅಡಗಿದೆ. ಬಂದದ್ದೇ ಭಾಗ್ಯ, ಬಂದದ್ದರಲ್ಲಿ ಏನಿದೆ ಎಂದು ಕೇಳುವುದು ಕೊಬ್ಬು. ದೊಡ್ಡ ಊರಿನವರ ಮೂತ್ರಕೋಶ ಬೇರೆ, ಸಣ್ಣ ಊರಿನವರದು ಬೇರೆಯೇ? ಹೊಳೆ ನೀರು ಕುಡಿಯುವ, ಬೇಸಿಗೆಯಲ್ಲಿ ಕಾಯುವ, ಮೂರು ದಿನಕ್ಕೊಮ್ಮೆ ಬಿಟ್ಟ ನೀರನ್ನು ಸಂಪಿನಲ್ಲಿ ತುಂಬಿಟ್ಟುಕೊಳ್ಳುವ ಸಣ್ಣ ಊರಿಗೇ ಈ ಪರೀಕ್ಷೆ ಹೆಚ್ಚು ಬೇಕು.

ಪರೀಕ್ಷೆ ಕಷ್ಟದ್ದು ಎಂಬುದನ್ನು ಒಪ್ಪುತ್ತೇನೆ. ಹನಿ ಬಿಟ್ಟು ಬಣ್ಣ ನೋಡುವಂಥದ್ದಲ್ಲ. ಗಾಜಿನ ಸಣ್ಣ ಸೀಸೆಯಲ್ಲಿ ಒಂದು ಗಾಳಿಗುಳ್ಳೆಯೂ ಉಳಿಯದಂತೆ ನೀರು ತುಂಬಬೇಕು, ಇಲ್ಲದಿದ್ದರೆ ಕ್ಲೋರೋಫಾರ್ಮ್ ಆವಿಯಾಗಿ ಆ ಗುಳ್ಳೆಗೆ ಸೇರಿಕೊಳ್ಳುತ್ತದೆ. ಸೀಸೆಯಲ್ಲಿ ಕ್ಲೋರಿನ್ನನ್ನು ಅಡಗಿಸುವ ಔಷಧಿ ಮೊದಲೇ ಇರಬೇಕು, ಇಲ್ಲದಿದ್ದರೆ ದಾರಿಯುದ್ದಕ್ಕೂ ಹಿಟ್ಟು ಹುಳಿಯುತ್ತಲೇ ಹೋಗುತ್ತದೆ. ತಂಪಾಗಿಟ್ಟು ಸಾಗಿಸಬೇಕು. ಗ್ಯಾಸ್ ಕ್ರೊಮಟೋಗ್ರಾಫ್ ಎಂಬ ಯಂತ್ರವಿರುವ ಪ್ರಯೋಗಾಲಯದಲ್ಲಿ ನೋಡಬೇಕು. ಪ್ರತಿ ಮನೆಯವರೂ ಮಾಡಿಸಲಾರರು, ನಿಜ. ಅದಕ್ಕೇ ಊರಿನ ಪರವಾಗಿ ಊರಾಡಳಿತ ಮಾಡಿಸಬೇಕು. ಬೀದಿದೀಪವನ್ನು ಪ್ರತಿ ಮನೆಯವರೂ ಹಾಕಿಸಿಕೊಳ್ಳಲಿ ಎಂದು ಯಾರಾದರೂ ಹೇಳುತ್ತಾರೆಯೇ?

ಆಡಳಿತ ಬಾಯಿ ಮುಚ್ಚಿ ಕೂತ ಕಡೆ ಮಾರಾಟಗಾರ ಬಾಯಿ ತೆರೆಯುತ್ತಾನೆ. ಮಧ್ಯಾಹ್ನ ಗಂಡಸರು ಮನೆಯಲ್ಲಿಲ್ಲದ ಹೊತ್ತು ನೋಡಿ ಗೇಟು ತಟ್ಟುವ, ಇಸ್ತ್ರಿ ಮಾಡಿದ ಅಂಗಿಯ ಆ ಹುಡುಗರನ್ನು ನೀವೂ ಬಲ್ಲಿರಿ. "ಮೇಡಂ, ಫ್ರೀ ಟೆಸ್ಟ್" ಎಂದು ಎರಡು ಲೋಟ ಕೇಳುತ್ತಾರೆ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ಕರೆಂಟಿಗೆ ಜೋಡಿಸಿದ ಲೋಹದ ಕಡ್ಡಿಗಳನ್ನು ಅದ್ದುತ್ತಾರೆ. ಎರಡೇ ನಿಮಿಷದಲ್ಲಿ ನಲ್ಲಿ ನೀರು ಗೊಬ್ಬರದ ಬಗ್ಗಡದಂತಾಗುತ್ತದೆ. "ಇದನ್ನೇ ನಿಮ್ಮ ಮಕ್ಕಳು ಕುಡೀತಿರೋದು" ಎಂದಾಗ ಯಾವ ತಾಯಿಯ ಎದೆ ಝಲ್ಲೆನ್ನುವುದಿಲ್ಲ? ಆದರೆ ಆ ಕೆಸರು ನೀರಿನಲ್ಲಿ ಇದ್ದದ್ದಲ್ಲ, ಕಬ್ಬಿಣದ ಕಡ್ಡಿಯೇ ಕರೆಂಟಿಗೆ ಕರಗಿ ತುಕ್ಕಾದದ್ದು! ಸಾಧಾರಣ ಲವಣವಿರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಹೆಚ್ಚು ಹರಿಯುವುದಿಲ್ಲ, ಅಷ್ಟೇ ವ್ಯತ್ಯಾಸ. ಅವರ ಟಿ.ಡಿ.ಎಸ್. ಪೆನ್ನೂ ಲೆಕ್ಕ ಹಾಕುವುದು ಕರಗಿದ ಲವಣವನ್ನೇ. ಕ್ಲೋರೋಫಾರ್ಮ್ ಅದಕ್ಕೆ ಕಾಣುವುದೇ ಇಲ್ಲ, ಕಾಲರಾ ಕ್ರಿಮಿಯೂ ಕಾಣುವುದಿಲ್ಲ. ಹೆದರಿಕೆಯನ್ನು ಅಳೆದು ಮಾರುವ ಪೆನ್ನು ಅದು.

ಹಾಗಾದರೆ ಫಿಲ್ಟರ್ ನಿಷ್ಪ್ರಯೋಜಕವೇ? ಅಲ್ಲ. ಒಳ್ಳೆಯ ಇದ್ದಿಲಿನ ಫಿಲ್ಟರ್, ಹೊಸದಿದ್ದಾಗ, ಟ್ರೈಹ್ಯಾಲೋಮೀಥೇನ್ ಹೀರಿಕೊಳ್ಳುತ್ತದೆ. ತುಂಬಿಹೋದ ಮೇಲೆ ಹೀರುವುದಿಲ್ಲ, ಆದರೆ ತುಂಬಿತೆಂದು ಅದು ಕೂಗಿ ಹೇಳುವುದೂ ಇಲ್ಲ. ಕಾಯಿಸಿದರೂ ಬಹುಪಾಲು ಕ್ಲೋರೋಫಾರ್ಮ್ ಹಾರಿಹೋಗುತ್ತದೆ, ಕುದಿ ಬಂದ ಮೇಲೆ ಕೆಲವು ನಿಮಿಷ ಬಿಡಬೇಕು, ಅಡಿಗೆಮನೆಯ ಕಿಟಕಿ ತೆರೆದಿರಬೇಕು. ಆದರೆ ಹ್ಯಾಲೋಅಸೆಟಿಕ್ ಆಮ್ಲಗಳು ಹಾಗೆ ಹಾರುವ ಜಾತಿಯವಲ್ಲ. ಕ್ಯಾನಿನ ನೀರೇ ಒಳ್ಳೆಯದು ಎನ್ನುವವರಿಗೆ ಒಂದು ಮಾತು: ಓಜೋನ್ ಹಾಯಿಸಿದ ನೀರಿನಲ್ಲಿ ಬ್ರೋಮೈಡ್ ಇದ್ದರೆ ಬ್ರೋಮೇಟ್ ಎಂಬ ಬೇರೆ ಉಪ-ಉತ್ಪನ್ನ ಹುಟ್ಟುತ್ತದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ರಾಸಾಯನಿಕಗಳು ಬಾಯಿಂದ ಮಾತ್ರ ಒಳಗೆ ಹೋಗುವುದಿಲ್ಲ. ಬಿಸಿನೀರಿನ ಷವರಿನ ಕೆಳಗೆ ನಿಂತಾಗ ಆವಿಯಾಗಿ ಉಸಿರಿಗೆ ಸೇರುತ್ತವೆ, ಚರ್ಮದ ಮೂಲಕವೂ ಇಳಿಯುತ್ತವೆ. ಒಂದು ಸ್ನಾನದಿಂದ ರಕ್ತಕ್ಕೆ ಸೇರುವ ಟ್ರೈಹ್ಯಾಲೋಮೀಥೇನ್, ಅದೇ ನೀರನ್ನು ಕುಡಿದಾಗ ಸೇರುವುದಕ್ಕಿಂತ ಹೆಚ್ಚು ಎಂದು ರಕ್ತ ಪರೀಕ್ಷೆ ಮಾಡಿದವರು ಕಂಡಿದ್ದಾರೆ. ಹೀಗಿರುವಾಗ ಅಡಿಗೆಮನೆಯ ಗೋಡೆಗೆ ಹದಿನೈದು ಸಾವಿರದ ಯಂತ್ರ ತೂಗುಹಾಕಿ, ಬಚ್ಚಲಿನಲ್ಲಿ ಅದೇ ನೀರಿನ ಹಬೆಯನ್ನು ಕಿಟಕಿ ಮುಚ್ಚಿಕೊಂಡು ಸೇದುವುದು ಯಾವ ರಕ್ಷಣೆ? ಒಂದು ಬಿಂದಿಗೆಯನ್ನು ಕಾಯಬಹುದು, ಮನೆಯನ್ನು ಕಾಯಲಾಗದು. ನೀರು ಮೂಲದಲ್ಲೇ ಸರಿಯಾಗಬೇಕು.

ಯಂತ್ರ ಕೊಂಡವರ ಮೇಲೆ ನನಗೆ ಕೋಪವಿಲ್ಲ. ಆದರೆ ಯಂತ್ರ ಬಂದ ಮೇಲೆ ಆ ಮನೆಯಿಂದ ದೂರು ನಿಂತುಹೋಗುತ್ತದೆ ಎಂಬುದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಬರೆಯಲು ಬಲ್ಲವರು, ಮಾತಾಡಬಲ್ಲವರು, ಕೌನ್ಸಿಲರ್ ಹೆದರುವಂಥವರು ಒಬ್ಬೊಬ್ಬರಾಗಿ ಊರಿನ ನೀರಿನಿಂದ ಕಳಚಿಕೊಂಡರೆ, ಉಳಿಯುವವರು ಯಾರು? ನಮ್ಮ ಮನೆಯ ಪಾತ್ರೆ ತೊಳೆದು ಹೋಗುವಾಕೆ. ಆಕೆಯ ಮಗು ಕುಡಿಯುವುದು ಬೀದಿ ನಲ್ಲಿಯ ನೀರನ್ನೇ. ಆಕೆಗೆ ಗ್ಯಾಸ್ ಸುಟ್ಟು ನೀರು ಕಾಯಿಸುವ ಶಕ್ತಿಯಿಲ್ಲ, ಕಚೇರಿಗೆ ಹೋಗಿ ಕೂರಲು ಪುರುಸೊತ್ತಿಲ್ಲ.

ಮಾಡಬೇಕಾದದ್ದು ಆಕಾಶಕ್ಕೆ ಏಣಿ ಹಾಕುವ ಕೆಲಸವೂ ಅಲ್ಲ. ಎಲೆಯ ಸಾರವನ್ನು ಮೊದಲು ತೆಗೆದು, ಆಮೇಲೆ ಕ್ಲೋರಿನ್ ಹಾಕಬೇಕು. ಪಟಿಕ ಹಾಕಿ ತಿಳಿಗೊಳಿಸುವುದು, ಮರಳಿನಲ್ಲಿ ಸೋಸುವುದು, ಇವನ್ನು ಸರಿಯಾಗಿ ಮಾಡಿದರೆ ಕ್ಲೋರಿನ್‌ಗೆ ಕೂಡಿಕೊಳ್ಳಲು ಸಿಗುವ ಸಾಮಗ್ರಿ ಕಡಿಮೆಯಾಗುತ್ತದೆ. ಸೊಪ್ಪನ್ನು ತೊಳೆದು ಉಪ್ಪು ಹಾಕುತ್ತೇವೆಯೋ, ಉಪ್ಪು ಹಾಕಿ ತೊಳೆಯುತ್ತೇವೆಯೋ? ತೊಟ್ಟಿಗಳನ್ನು ಕಾಲಕಾಲಕ್ಕೆ ತೊಳೆಯಬೇಕು. ಒಂದೇ ಕಡೆ ಸುರಿಯುವ ಬದಲು ದೂರದ ಬಡಾವಣೆಗೆ ದಾರಿಯಲ್ಲಿ ಸ್ವಲ್ಪ ಸ್ವಲ್ಪ ಸೇರಿಸಬೇಕು. ಏನೇ ಮಾಡಿದರೂ ಸೋಂಕುನಿವಾರಣೆಯನ್ನು ಬಲಿ ಕೊಟ್ಟು ಉಪ-ಉತ್ಪನ್ನ ಇಳಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಅದೇ ನನ್ನ ಮಾತೂ.

ಅಮೆರಿಕದಲ್ಲಿ 1998ರ ಒಂದು ನಿಯಮದಂತೆ, ವರ್ಷವಿಡೀ ನೀರು ಒದಗಿಸುವ ಪ್ರತಿ ಊರ ವ್ಯವಸ್ಥೆಯೂ ತನ್ನ ಬಳಕೆದಾರರಿಗೆ ವರ್ಷಕ್ಕೊಮ್ಮೆ ನೀರಿನ ಗುಣಮಟ್ಟದ ವರದಿ ಮುಟ್ಟಿಸಬೇಕು. ಏನು ಎಷ್ಟಿತ್ತು, ಮಿತಿ ಎಷ್ಟು, ಮೀರಿತೇ ಎಂದು ಅದರಲ್ಲಿ ಬರೆದಿರುತ್ತದೆ. ನಮಗೆ ಬರುವುದು ನೀರಿನ ಬಿಲ್ಲು ಮಾತ್ರ. ನಮ್ಮ ಹಳ್ಳಿಗಳಲ್ಲಿ ಜಲ ಜೀವನ್ ಮಿಷನ್ ಅಡಿ ಐದೈದು ಮಂದಿ ಹೆಂಗಸರಿಗೆ ನೀರಿನ ಪರೀಕ್ಷಾ ಪೆಟ್ಟಿಗೆ ಬಳಸಲು ತರಬೇತಿ ಕೊಡುವ ಏರ್ಪಾಡು ಮಾಡಿದರು. ಒಳ್ಳೆಯ ಕೆಲಸ. ಆದರೆ ಆ ಪೆಟ್ಟಿಗೆಗೆ ಟ್ರೈಹ್ಯಾಲೋಮೀಥೇನ್ ಹಿಡಿಯುವ ಶಕ್ತಿಯಿಲ್ಲ. ಅದು ಪ್ರಯೋಗಾಲಯದ ಕೆಲಸ, ಆಡಳಿತದ ಖರ್ಚು.

ಅದನ್ನು ಕೇಳಲು ನಮ್ಮ ಕೈಯಲ್ಲಿ ಒಂದು ಆಯುಧವಿದೆ. 2005ರ ಮಾಹಿತಿ ಹಕ್ಕು ಕಾಯ್ದೆ. ಕರ್ನಾಟಕದಲ್ಲಿ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ ಮೂವತ್ತು ದಿನದ ಗಡುವು. ಕಚೇರಿಯ ಕುರ್ಚಿಯಿಂದ ಎದ್ದು ಬಂದ ನಾವು ನಾಲ್ವರು ಮಾಡಿದ್ದು ಇದನ್ನೇ. ಮೂರೇ ಪ್ರಶ್ನೆ ಬರೆದೆವು. ಕಳೆದ ಒಂದು ವರ್ಷದಲ್ಲಿ ಊರಿನ ನೀರಿನ ಟ್ರೈಹ್ಯಾಲೋಮೀಥೇನ್ ಪರೀಕ್ಷೆ ಯಾವ ಯಾವ ದಿನ ಆಗಿದೆ? ಮಾದರಿಯನ್ನು ಘಟಕದ ಬಾಗಿಲಲ್ಲಿ ತೆಗೆದರೋ, ಕೊನೆಯ ಮನೆಯ ನಲ್ಲಿಯಲ್ಲಿ ತೆಗೆದರೋ? ಬಂದ ಅಂಕಿಗಳ ಪ್ರತಿ ಕೊಡಿ. ಇಪ್ಪತ್ತೆಂಟನೆಯ ದಿನ ಉತ್ತರ ಬಂತು, ಒಂದೇ ಸಾಲು: "ಸದರಿ ಪರೀಕ್ಷೆ ಮಾಡಿಸಿರುವುದಿಲ್ಲ." ಅವಮಾನವೆನಿಸಲಿಲ್ಲ ನನಗೆ. ನಕ್ಕು ಕಳಿಸಿದ ಕಚೇರಿಯೇ ರುಜು ಹಾಕಿ, ಮೊಹರು ಒತ್ತಿ ಒಪ್ಪಿಕೊಂಡಿತ್ತಲ್ಲ! ಆ ಹಾಳೆಯ ಪ್ರತಿಗಳನ್ನು ವಾರ್ಡಿನ ಪ್ರತಿ ಕೌನ್ಸಿಲರಿಗೂ ತಲುಪಿಸಿದೆವು. ಈಗ ಬಿಸಿಲಿಗೊಮ್ಮೆ, ಮೊದಲ ಮಳೆಗೊಮ್ಮೆ ಕೊನೆಯ ಬಡಾವಣೆಯ ನಲ್ಲಿಯಿಂದ ಮಾದರಿ ತೆಗೆಸಿ, ಅಂಕಿಯನ್ನು ನೀರಿನ ಬಿಲ್ಲಿನ ಹಿಂದೆ ಅಚ್ಚು ಹಾಕಿಸಿ ಎಂದು ಪಟ್ಟು ಹಿಡಿದಿದ್ದೇವೆ. ಇನ್ನೂ ಆಗಿಲ್ಲ. ಬಿಟ್ಟೂ ಇಲ್ಲ.

ನಿಮ್ಮ ಊರಿನ ಅಂಕಿ ಎಷ್ಟು? ಕಡಿಮೆಯಿದ್ದರೆ ನಿಶ್ಚಿಂತೆಯಿಂದ ನಲ್ಲಿ ನೀರು ಕುಡಿಯಿರಿ, ಯಂತ್ರದ ಹಣವನ್ನು ಮಗಳ ಓದಿಗೆ ಇಡಿ. ಹೆಚ್ಚಿದ್ದರೆ ಸರಿಪಡಿಸಿ ಎಂದು ಕೇಳಿ. ಅಂಕಿಯೇ ಇಲ್ಲ ಎಂದರೆ, ಅದು ಎಲ್ಲಕ್ಕಿಂತ ಕೆಟ್ಟ ಉತ್ತರ. ಹತ್ತು ರೂಪಾಯಿ ಕೊಟ್ಟು ಆ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅಲ್ಲಿಂದ ಮುಂದೆ "ನೀರು ಬರ್ತಿದೆ ತಾನೆ" ಎಂಬ ಮಾತನ್ನು ನಿಮ್ಮೆದುರು ಆಡಲು ಅವರಿಗೆ ಸ್ವಲ್ಪ ನಾಚಿಕೆಯಾದೀತು.